ತಮ್ಮಣ್ಣ ಮಾಸ್ಟ್ರ ಏಳನೆಯ ಅಂಗಿ

ಅಳತೆಯ ವಿಷಯದಲ್ಲಿ ತಮ್ಮಣ್ಣ ಮಾಸ್ಟ್ರ ಜೊತೆ ವಾದಿಸಿ ಗೆದ್ದವರು ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದಲ್ಲಿ ಯಾರೂ ಇರಲಿಲ್ಲ. ನಾನಂತೂ ಪ್ರಯತ್ನವನ್ನೇ ಬಿಟ್ಟಿದ್ದೆ. ಅವರು ಕಟಿಂಗ್ ಮಾಸ್ಟರ್ ಆಗಿದ್ದ ಲೇಡೀಸ್ ಟೈಲರಿಂಗ್ ಅಂಗಡಿಗೂ ನಾನು ಕೆಲಸ ಮಾಡುತ್ತಿದ್ದ ಫೋಟೋ ಸ್ಟುಡಿಯೋಕ್ಕೂ ನಡುವೆ ಇದ್ದದ್ದು ಒಂದೇ ಗೋಡೆ. ಮಲಗುವ ಕೋಣೆಯೂ ಒಂದೇ. ಹನ್ನೊಂದು ವರ್ಷ ಒಬ್ಬ ಮನುಷ್ಯನ ಗೊರಕೆ ಕೇಳಿದ ಮೇಲೆ ಅವನ ಬಗ್ಗೆ ನಾಲ್ಕು ಮಾತು ಬರೆಯುವ ಹಕ್ಕು ಬರುತ್ತದೆ ಎಂಬ ಧೈರ್ಯದಿಂದ ಇದನ್ನು ಬರೆಯುತ್ತಿದ್ದೇನೆ.

ನಾನು ಕಾರ್ಕಳದ ಮಾರ್ಸೆಲ್. ಅವರು ಗುಳೇದಗುಡ್ಡದವರು. ಮೊದಲ ಕೆಲವು ತಿಂಗಳು ನಾವು ಕನ್ನಡದಲ್ಲಿ ಶುರುಮಾಡಿದ ಮಾತನ್ನು ಹಿಂದಿಯಲ್ಲಿ ಮುಗಿಸುತ್ತಿದ್ದೆವು. ಅವರ ಕನ್ನಡ ನನಗೆ ಜಗಳದ ಹಾಗೆ ಕೇಳುತ್ತಿತ್ತು, ನನ್ನದು ಅವರಿಗೆ ಪುಸ್ತಕ ಓದಿದ ಹಾಗೆ. ಆಮೇಲೆ ಇಬ್ಬರಿಗೂ ಕಿವಿ ಪಳಗಿತು.

ಅವರ ಅಂಗಡಿಯ ಕೆಲಸದ ಒಂದು ರೀತಿಯನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಇಡೀ ಫಜೀತಿ ಹುಟ್ಟಿದ್ದೇ ಅಲ್ಲಿಂದ. ಅಲ್ಲಿಗೆ ಬರುವ ಅರಬ್ಬಿ ಹೆಂಗಸರು ಮೈಗೆ ಟೇಪು ಹಿಡಿಸಿಕೊಳ್ಳುವುದಿಲ್ಲ. ಹೊಲಿಯುವವರು ಗಂಡಸರಲ್ಲವೇ? ಅದಕ್ಕೆ ಹಳೆಯದೊಂದು ಜಲಾಬಿಯಾ, ಅಂದರೆ ಅವರು ಮನೆಯಲ್ಲಿ ಹಾಕುವ ಉದ್ದ ನಿಲುವಂಗಿಯನ್ನು, ಹೊಸ ಬಟ್ಟೆಯ ಜೊತೆ ಡ್ರೈವರನ ಕೈಯಲ್ಲಿ ಕಳಿಸುತ್ತಾರೆ. ಮಾಸ್ಟ್ರು ಆ ಹಳೆಯ ಅಂಗಿಯನ್ನು ಮೇಜಿನ ಮೇಲೆ ಹಾಸಿ ಅಳೆದು ಹೊಸದನ್ನು ಕತ್ತರಿಸುತ್ತಾರೆ. ಎಷ್ಟೋ ಮನೆಗಳ ಹೆಂಗಸರಿಗೆ ಹದಿನೇಳು ವರ್ಷದಿಂದ ಹೊಲಿದುಕೊಟ್ಟ ಆ ಮನುಷ್ಯ ಅವರಲ್ಲಿ ಒಬ್ಬರ ಮುಖವನ್ನೂ ಸರಿಯಾಗಿ ನೋಡಿರಲಿಲ್ಲ. ಆದರೂ ಯಾರಿಗೆ ಎಡಭುಜ ಇಳಿದಿದೆ, ಯಾರು ಬಸುರಿ, ಯಾರು ಈ ವರ್ಷ ಸೊರಗಿದ್ದಾರೆ ಎಂದು ಅಂಗಿ ನೋಡಿಯೇ ಹೇಳುತ್ತಿದ್ದರು.

ಗಿರಾಕಿಗಳಲ್ಲಿ ಒಂದು ಮನೆಯಿಂದ ಪ್ರತಿ ಈದ್‌ಗೆ ಮುಂಚೆ ಒಂದು ದೊಡ್ಡ ಚೀಲ ಬರುತ್ತಿತ್ತು. ಅದರಲ್ಲಿ ಶಮ್ಮಾ ಎಂಬ ಹುಡುಗಿಯ ಅಂಗಿಯೂ ಇರುತ್ತಿತ್ತು. ಶಮ್ಮಾ ಹುಟ್ಟಿದ ತಿಂಗಳಲ್ಲೇ ಅತ್ತ ಬಾಗಲಕೋಟೆಯಲ್ಲಿ ಮಾಸ್ಟ್ರ ಮಗಳು ಮಧುಮತಿಗೆ ಹೆಣ್ಣು ಮಗು ಹುಟ್ಟಿತ್ತು, ನಿವೇದಿತಾ. ಡ್ರೈವರನ ಬಾಯಿಂದ ಇದು ತಿಳಿದ ದಿನದಿಂದ ಶಮ್ಮಾಳ ಅಂಗಿ ಬಂದಾಗಲೆಲ್ಲ ಮಾಸ್ಟ್ರ ಮುಖ ಅರಳುತ್ತಿತ್ತು.

ತೊಂಬತ್ತೆರಡರಲ್ಲಿ ಅವರ ಹೆಂಡತಿ ರುದ್ರವ್ವ ತೀರಿಕೊಂಡರು. ಮಣ್ಣಿಗೆ ಹೋಗಿ ಬಂದ ಮಾಸ್ಟ್ರು ಮತ್ತೆ ಊರಿನ ಕಡೆ ತಲೆ ಹಾಕಲಿಲ್ಲ. ರಜೆ ಬಂದಾಗಲೆಲ್ಲ ಏನೋ ಒಂದು ನೆಪ. "ಆ ಮನಿ ಬಾಗಲಾ ತಗದರ ಯಾರ ಅದಾರ ಮಾರ್ಸೆಲ್ಲಾ ಒಳಗ?" ಎನ್ನುತ್ತಿದ್ದರು. "ಮಗಳು ಉಂಟಲ್ಲ, ಮೊಮ್ಮಗಳು ಉಂಟಲ್ಲ, ಅವರ ಮನೆಗೆ ಹೋಗಿ" ಎಂದು ನಾನು ಬೈದರೆ ಗೋಡೆಯ ಕಡೆ ಹೊರಳುತ್ತಿದ್ದರು. ಹೋಗುವ ಬದಲು ವರ್ಷಕ್ಕೊಂದು ಫ್ರಾಕ್ ಹೊಲಿದು, ಊರಿಗೆ ಹೊರಟ ಯಾರದಾದರೂ ಸೂಟ್‌ಕೇಸಿನಲ್ಲಿ ತುರುಕಿ ಕಳಿಸುತ್ತಿದ್ದರು.

ಮೊದಲ ಸಲ ಮಧುಮತಿ ಅಳತೆಗೆಂದು ಮಗುವಿನ ಹಳೆಯ ಫ್ರಾಕ್ ಒಂದನ್ನು ಕಳಿಸಿದ್ದಳು. ಅದು ಹುಬ್ಬಳ್ಳಿ, ಮುಂಬಯಿ, ದುಬೈ ಸುತ್ತಿ ಬರುವಷ್ಟರಲ್ಲಿ ಆರು ತಿಂಗಳಾಗಿತ್ತು. "ಕೂಸು ಬೆಳದಿರತೈತಿ" ಎಂದು ಮಾಸ್ಟ್ರು ತಮ್ಮ ಅಳತೆ ಪುಸ್ತಕ ತೆಗೆದರು, ಶಮ್ಮಾ ಆ ಆರು ತಿಂಗಳಲ್ಲಿ ಎಷ್ಟು ಬೆಳೆದಿದ್ದಾಳೆ ನೋಡಿದರು, ಅಷ್ಟನ್ನು ಕೂಡಿಸಿ ಕತ್ತರಿ ಹಾಕಿದರು. ಆಮೇಲೆ ಮಗಳಿಗೆ ಕಾಗದ ಬರೆದರು: ಇನ್ನು ಮುಂದೆ ಅಳತೆ ಕಳಿಸಬೇಡ, ನನಗೆ ಗೊತ್ತಾಗುತ್ತದೆ. ಹೀಗೆ ಐದು ವರ್ಷ ಐದು ಫ್ರಾಕ್. ಶಮ್ಮಾ ಬೆಳೆದಂತೆಲ್ಲ ಬಾಗಲಕೋಟೆಯ ನಿವೇದಿತಾಳ ಫ್ರಾಕೂ ಬೆಳೆಯಿತು.

ಪ್ರತಿ ಸಲ ಫೋಟೋ ಬರುತ್ತಿತ್ತು. ಫ್ರಾಕ್ ಹಾಕಿಕೊಂಡು ಸ್ಟುಡಿಯೋದ ಪರದೆಯ ಮುಂದೆ ಬಿಗಿಯಾಗಿ ನಿಂತ ಹುಡುಗಿ. ಹಿಂದೆ ಮಧುಮತಿಯ ಬರಹ: 'ಅಪ್ಪಾ, ಭಾಳ ಚೊಲೊ ಕೂತೈತಿ.' ಮಾಸ್ಟ್ರು ಅದನ್ನು ಅಂಗಡಿಯ ಎಲ್ಲರಿಗೂ ತೋರಿಸಿ, "ನೋಡ್ರಿ, ಭುಜಾ ಎಲ್ಲಿ ಕೂತೈತಿ ನೋಡ್ರಿ" ಎಂದು ಮೆರೆಯುತ್ತಿದ್ದರು. ಕೊನೆಗೆ ಗೋಡೆ ದಾಟಿ ನನ್ನ ಹತ್ತಿರ.

ನನಗೆ ಮೊದಲ ಫೋಟೋದಲ್ಲೇ ಗೊತ್ತಾಗಿತ್ತು. ವೀಸಾಕ್ಕೆ ಫೋಟೋ ತೆಗೆಸಲು ಬರುವವರಿಗೆ ಹಾಕಲು ನಮ್ಮಲ್ಲೊಂದು ಕರಿ ಕೋಟಿತ್ತು. ತೆಳ್ಳಗಿನವರು ಹಾಕಿದರೆ ಹಿಂದಿನಿಂದ ಸೆಳೆದು ಪಿನ್ನು ಚುಚ್ಚುತ್ತಿದ್ದೆ. ಎದುರಿನಿಂದ ಒಳ್ಳೇ ಆಫೀಸರು. ಹಾಗೆ ಪಿನ್ನು ಚುಚ್ಚಿದಾಗ ಮುಂದಿನ ಬಟ್ಟೆ ಒಂದು ಥರ ಎಳೆದುಕೊಳ್ಳುತ್ತದೆ, ತೋಳು ದೇಹದಿಂದ ಸ್ವಲ್ಪ ಆಚೆ ನಿಲ್ಲುತ್ತದೆ. ಐದೂ ಫೋಟೋಗಳಲ್ಲಿ ಆ ಹುಡುಗಿಯ ತೋಳು ಹಾಗೆಯೇ ನಿಂತಿತ್ತು. ನಾನು ಹೇಳಲಿಲ್ಲ. ಹೆಂಡತಿ ಸತ್ತ ಮನುಷ್ಯ ವರ್ಷಕ್ಕೊಮ್ಮೆ ನಗುವುದನ್ನು ಕೆಡಿಸುವುದು ಯಾಕೆ ಎಂದು ಸುಮ್ಮನಿದ್ದೆ. ಅದು ಒಳ್ಳೆಯತನವೋ ಹೇಡಿತನವೋ, ನನಗೆ ಇವತ್ತಿಗೂ ತಿಳಿಯದು.

ತೊಂಬತ್ತೆಂಟರ ಏಪ್ರಿಲ್‌ನಲ್ಲಿ ನನ್ನ ಅಣ್ಣ ರುಡೊಲ್ಫ್ ಮಗಳ ಮದುವೆಗೆಂದು ಸಂಸಾರ ಸಮೇತ ಊರಿಗೆ ಹೊರಟ. ಅವನ ಫ್ಲ್ಯಾಟು ನಮ್ಮ ಅಂಗಡಿಗಳಿಂದ ಎರಡು ಕಟ್ಟಡ ಆಚೆ. ಗಲ್ಫಿನಲ್ಲಿ ಒಬ್ಬರ ರಜೆ ಇನ್ನೊಬ್ಬರಿಗೆ ಮನೆಯಾಗುವುದು ಹೊಸದೇನಲ್ಲ. ನಾನು ಬೀಗದ ಕೈ ತಂದು ಮಾಸ್ಟ್ರ ಕತ್ತರಿಯ ಪಕ್ಕ ಇಟ್ಟೆ.

"ಒಂದು ತಿಂಗಳು. ಮಗಳನ್ನು ಮೊಮ್ಮಗಳನ್ನು ಕರೆಸಿ. ನೀವು ಹೋಗುವುದಿಲ್ಲ, ಅವರಾದರೂ ಬರಲಿ."

"ವೀಸಾ?"

"ನಿಮ್ಮ ಅಂಗಡಿಯ ಧಣಿ, ಆ ಅರಬಾಬ್, ಸಹಿ ಹಾಕ್ತಾನೆ, ನಾನು ಮಾತಾಡಿದ್ದೇನೆ. ಈದ್ ಮುಗಿಯಿತು, ನಿಮಗೂ ಕೆಲಸ ಕಡಿಮೆ. ಯಲ್ಲಾ, ಈಗ ನೆಪ ಹೇಳಿ ನೋಡುವ."

ನೆಪ ಸಿಗಲಿಲ್ಲ. ಕೈ ಮಾತ್ರ ಸುಮ್ಮನಿರಲಿಲ್ಲ. ಮಗಳು ಬರುವ ದಿನಕ್ಕೆ ಆರನೆಯ ಫ್ರಾಕ್ ತಯಾರಾಯಿತು. ಕಿತ್ತಳೆ ಬಣ್ಣದ ಮಿರಿಮಿರಿ ಬಟ್ಟೆ, ಮೂರು ಸುತ್ತು ಝಾಲರು. ಅದೂ ಶಮ್ಮಾಳ ಅಳತೆಗೇ.

ವಿಮಾನ ನಿಲ್ದಾಣದಲ್ಲಿ ತಾಯಿಯ ಸೆರಗು ಹಿಡಿದು ಹೊರಬಂದ ಹುಡುಗಿ ಒಂಬತ್ತು ವರ್ಷದವಳೆಂದು ಹೇಳಿದರೆ ಯಾರೂ ನಂಬುತ್ತಿರಲಿಲ್ಲ. ಕಡ್ಡಿಯಂಥ ಕೈಕಾಲು, ದೊಡ್ಡ ಕಣ್ಣು. ಮಾಸ್ಟ್ರು ಒಂದು ಕ್ಷಣ ಅವಳ ಹಿಂದೆ ಬೇರೆ ಯಾರಾದರೂ ಬರುತ್ತಿದ್ದಾರೆಯೇ ಎಂದು ನೋಡಿದರು. ನಾನು ಪಕ್ಕದಲ್ಲೇ ಇದ್ದೆ, ಆ ನೋಟ ನನಗೆ ಕಂಡಿತು.

ಮರುದಿನ ಶುಕ್ರವಾರ. ರುಡೊಲ್ಫನ ಮನೆಯಲ್ಲಿ ಮಧುಮತಿ ಊರಿನಿಂದ ತಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಬಡಿಸಿದಳು. ನನ್ನನ್ನೂ ಕರೆದಿದ್ದರು. ಊಟವಾದ ಮೇಲೆ ಮಾಸ್ಟ್ರು ಫ್ರಾಕ್ ತೆಗೆದು ಮೊಮ್ಮಗಳ ಕೈಗಿಟ್ಟರು.

"ಹಾಕ್ಕೊಂಡ ಬಾ ನನ್ನವ್ವಾ. ಕಣ್ಣತುಂಬ ನೋಡತೀನಿ."

ಹುಡುಗಿ ತಕರಾರು ಮಾಡದೆ ಒಳಗೆ ಹೋದಳು. ಒಳಗಿನಿಂದ ಅವಳ ದನಿ ಸ್ಪಷ್ಟವಾಗಿ ಕೇಳಿತು. "ಅವ್ವಾ, ಪಿನ್ನ ಎಲ್ಲಿ ಇಟ್ಟಿ? ಅಜ್ಜನ ಫ್ರಾಕ್ ಹಾಕ್ಕೋಬೇಕಂತ."

ಮಧುಮತಿ ಕೈಯಲ್ಲಿದ್ದ ತಟ್ಟೆಯನ್ನು ಹಾಗೇ ಹಿಡಿದು ನಿಂತಳು. ನಾನು ನೆಲ ನೋಡಿದೆ. ಪಿನ್ನಿಲ್ಲದೆಯೇ ಹುಡುಗಿ ಫ್ರಾಕ್ ಹಾಕಿಕೊಂಡು ಹೊರಗೆ ಬಂದಳು. ಕುತ್ತಿಗೆ ಒಂದು ಭುಜದಿಂದ ಜಾರಿತ್ತು. ಝಾಲರು ನೆಲ ಗುಡಿಸುತ್ತಿತ್ತು. ಗಂಟೆಯೊಳಗಿನ ನಾಲಗೆಯ ಹಾಗೆ ಅವಳು ಆ ಬಟ್ಟೆಯ ನಡುವೆ ನಿಂತಿದ್ದಳು.

"ಯಾವ ಪಿನ್ನ?" ಮಾಸ್ಟ್ರು ಕೇಳಿದರು.

"ಫೋಟೋಕ್ಕ ಹಚ್ಚತಾರಲ್ಲಾ ಬೆನ್ನಿಗಿ, ಅವು. ಹ್ವಾದ ವರ್ಷ ಒಂದ ಚುಚ್ಚಿತ್ತಜ್ಜಾ, ನಾ ಅಳಲಿಲ್ಲ."

ಮಾಸ್ಟ್ರು ಮಗಳ ಕಡೆ ನೋಡಿದರು. "ಐದೂ?"

"ಯಪ್ಪಾ, ನೀ ಅಷ್ಟ ದೂರದಿಂದ ಕಳಸತಿದ್ದಿ... ಹೆಂಗ ಬರೀಲಿ?" ಮಧುಮತಿಯ ಕಣ್ಣು ತುಂಬಿತು.

ಅವರು ಕೂಗಾಡಲಿಲ್ಲ. ಮೊಮ್ಮಗಳ ಮುಂದೆ ಕುಕ್ಕರಗಾಲಲ್ಲಿ ಕೂತು, ಜಾರಿದ ಕುತ್ತಿಗೆಯನ್ನು ಎರಡು ಬೆರಳಲ್ಲಿ ಎತ್ತಿ ಭುಜಕ್ಕೆ ಕೂರಿಸಿದರು. ಬಿಟ್ಟ ಕೂಡಲೇ ಅದು ಮತ್ತೆ ಜಾರಿತು. "ಒಂದ ನಿಮಿಷ ನಿಲ್ಲವಾ, ಅಳತಿ ತೊಗೊಳ್ಳೂಣು" ಎಂದು ಕಿಸೆಯಿಂದ ಟೇಪು ತೆಗೆದರು. ಹುಡುಗಿ ಎರಡು ಹೆಜ್ಜೆ ಹಿಂದೆ ಸರಿದಳು.

"ಬ್ಯಾಡಜ್ಜಾ. ಮತ್ತ ದೊಡ್ಡದಾಗತೈತಿ. ನಾ ಫ್ರಾಕ್ ಹಾಕ್ಕೊಳ್ಳೂದ ಬಿಟ್ಟೀನಿ."

ಅವತ್ತು ಕೋಣೆಗೆ ಬಂದು ಮಾಸ್ಟ್ರು ಮಂಚದ ಮೇಲೆ ಕೂತರು. ನನ್ನನ್ನೂ ಬಿಡಲಿಲ್ಲ. "ನೀನೂ ಫೋಟೋ ತಗಿಯಾಂವ. ನಿನಗ ಕಂಡಿತ್ತು, ಹೌದಿಲ್ಲೋ?" ನಾನು ಹೌದೆಂದೆ. ಟೇಪನ್ನು ಬೆರಳಿಗೆ ಸುತ್ತುತ್ತ ಹೇಳಿದರು, "ಮಂದಿ ಮಗಳ ಅಳತಿ ಇಂಚಿಂಚು ಬರದಿಟ್ಟೀನಿ. ನನ್ನ ಮೊಮ್ಮಗಳ ಅಳತಿ ನನಗ ಗೊತ್ತಿಲ್ಲ. ಇನ್ನ ಇಪ್ಪತ್ತೇಳ ದಿನಾ ಐತಿ. ಆಕಿ ಮೈಗೆ ಕೂಡೂವಂಥಾದ್ದು, ಆಕಿ ತಾನಾಗಿ ಹಾಕ್ಕೊಳ್ಳೂವಂಥಾದ್ದು ಒಂದರ ನನ್ನ ಕೈಯಿಂದ ಆಗಬೇಕು ಮಾರ್ಸೆಲ್ಲಾ. ಇಲ್ಲಾಂದ್ರ ನಾ ಎಂಥಾ ಟೇಲರು, ಎಂಥಾ ಅಜ್ಜ?"

ಸುಮಾರು ಜನ ಇಂಥ ಮಾತಾಡಿ ಮರುದಿನ ಮತ್ತದೇ ಹಠಕ್ಕೆ ಬೀಳುತ್ತಾರೆ. ಇವರು ಬೀಳಲಿಲ್ಲ. ಟೇಪನ್ನು ಮತ್ತೆ ಅವಳ ಮುಂದೆ ತೆಗೆಯಲಿಲ್ಲ. ಬದಲಿಗೆ ಹುಡುಗಿಯ ಹಿಂದೆ ಸುತ್ತಲು ಶುರುಮಾಡಿದರು. ಬೆಳಿಗ್ಗೆ ಎಂಟಕ್ಕೆ ಅಂಗಡಿ ತೆರೆಯುವ ಮುಂಚೆ ಅವಳನ್ನು ಕರೆದುಕೊಂಡು ಕೋ-ಆಪರೇಟಿವ್ ಸೂಪರ್ ಮಾರ್ಕೆಟ್ಟಿಗೆ ಹೋಗಿ ಎಸ್ಕಲೇಟರಿನಲ್ಲಿ ಮೇಲೆ ಕೆಳಗೆ, ಮೇಲೆ ಕೆಳಗೆ. ಮಧ್ಯಾಹ್ನ ಒಂದರಿಂದ ನಾಲ್ಕು ಅಂಗಡಿ ಮುಚ್ಚುವ ಹೊತ್ತಲ್ಲಿ ಎಲ್ಲರೂ ನಿದ್ದೆ ಮಾಡಿದರೆ ಇವರಿಬ್ಬರು ರುಡೊಲ್ಫನ ಮನೆಯಲ್ಲಿ ಚೌಕಾಬಾರ. ಸಂಜೆ ಅವಳು ಕಟಿಂಗ್ ಮೇಜಿನ ಕೆಳಗೆ ಕೂತು ಚಿಂದಿ ಆರಿಸುತ್ತಿದ್ದಳು. ಮೇಜಿನ ಮೇಲಿನಿಂದ ಅಜ್ಜ, ಕೆಳಗಿನಿಂದ ಮೊಮ್ಮಗಳು, ಎಡೆಬಿಡದೆ ಮಾತು. ಗೋಡೆಯಾಚೆ ಗಿರಾಕಿಯ ಗದ್ದ ಎತ್ತಿ ಹಿಡಿದಿದ್ದ ನನಗೂ ಕೇಳುತ್ತಿತ್ತು.

"ಅಜ್ಜಾ, ಅಜ್ಜಿ ಭಾಳ ಚಂದ ಇದ್ದಳೇನು?"

"ಇದ್ದಳು. ಸಿಟ್ಟ ಬಂದ್ರ ನಿನ್ನಂಗ ಮೂಗ ಉಬ್ಬಸತಿದ್ದಳು."

ರುದ್ರವ್ವನ ಹೆಸರೆತ್ತಿದರೆ ಗೋಡೆ ನೋಡುತ್ತಿದ್ದ ಮನುಷ್ಯ ಇವರೇನಾ ಎಂದು ನನಗೆ ಅನುಮಾನವಾಯಿತು. ದಿನಕ್ಕೊಂದು ಹೊಸ ಸುದ್ದಿ ಹೊತ್ತು ಕೋಣೆಗೆ ಬರುತ್ತಿದ್ದರು. ಅವಳಿಗೆ ಫಲಾಫಲ್ ಸ್ಯಾಂಡ್‌ವಿಚ್ ಸೇರಿತು, ನಮ್ಮ ಮಿರ್ಚಿ ಭಜಿಯ ತಮ್ಮ ಎಂದಳು. ಲಿಫ್ಟಿನ ಗುಂಡಿಗಳನ್ನೆಲ್ಲ ಒತ್ತಿ ವಾಚ್‌ಮನ್ನನಿಂದ ಬೈಸಿಕೊಂಡಳು. ಸಾಲೆಯ ಪಾಟೀಚೀಲದ ಭಾರಕ್ಕೆ ಅವಳ ಬಲಭುಜ ಅರ್ಧ ಇಂಚು ಇಳಿದಿದೆ. ರಸ್ತೆ ದಾಟುವಾಗ ಅವಳ ತಲೆ ತಮ್ಮ ಅಂಗಿಯ ಮೂರನೆಯ ಗುಂಡಿಗೆ ಬರುತ್ತದೆ. "ಅಳತೆ ತಗೊಳ್ಳುವುದಿಲ್ಲ ಎಂದು ಹೇಳಿ ಕಳ್ಳತನದಲ್ಲಿ ತಗೊಳ್ತಿದ್ದೀರಲ್ಲ ಮಾಸ್ಟ್ರೇ" ಎಂದು ನಾನು ಛೇಡಿಸಿದರೆ, "ಕಣ್ಣ ಮುಚ್ಚಿಕೊಂಡ ಅಡ್ಯಾಡಲೇನು?" ಎಂದು ನಕ್ಕರು. ಆ ಮನುಷ್ಯ ಸುಖವಾಗಿದ್ದರು. ನೋಡಿ ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಹುಡುಗಿಗೆ ಒಂದು ಚಟವಿತ್ತು. ಕಂಡದ್ದನ್ನೆಲ್ಲ ಆರಿಸುವುದು. ದಾರದ ಖಾಲಿ ರೀಲು, ಖರ್ಜೂರದ ಬೀಜ, ಒಡೆದ ಮಣಿ, ಲಬನ್ ಮಜ್ಜಿಗೆ ಡಬ್ಬಿಯ ಬೆಳ್ಳಿ ಮುಚ್ಚಳ. ಎಲ್ಲವೂ ಮುಷ್ಟಿಯಲ್ಲೇ. ಊಟಕ್ಕೆ ಕೂತರೂ ಎಡಗೈ ಮುಷ್ಟಿ ಬಿಚ್ಚುತ್ತಿರಲಿಲ್ಲ. "ಚೆಲ್ಲ ಅದನ್ನ" ಎಂದು ಮಧುಮತಿ ಗದರಿ ಗದರಿ ಸೋತಿದ್ದಳು.

ಹೊರಡಲು ಒಂಬತ್ತು ದಿನವಿದ್ದಾಗ ನಾವೆಲ್ಲ ಸಂಜೆ ಸಮುದ್ರದಂಡೆಯ ಕಾರ್ನಿಷ್‌ಗೆ ಹೋಗಿದ್ದೆವು. ಸೆಕೆ ಶುರುವಾಗಿತ್ತು, ಆದರೂ ನೀರಿನ ಅಂಚಿನಲ್ಲಿ ಗಾಳಿಯಿತ್ತು. ನಿವೇದಿತಾ ಕಪ್ಪೆಚಿಪ್ಪು ಆರಿಸುತ್ತ ಮುಂದೆ ಓಡಿದಳು. ಮೆಟ್ಟಿಲಲ್ಲಿ ಎಡವಿ ಧಡ್ಡನೆ ಬಿದ್ದಳು. ಮೊಣಕಾಲು ತರಚಿತು, ಗದ್ದಕ್ಕೂ ಪೆಟ್ಟು. ಮಾಸ್ಟ್ರು ಅರವತ್ತರ ಹತ್ತಿರದ ಕಾಲಲ್ಲಿ ಓಡಿ ಎತ್ತಿಕೊಂಡರು.

"ಬೀಳೂವಾಗ ಕೈ ಊರಬೇಕಿಲ್ಲೋ ನನ್ನವ್ವಾ?"

ಹುಡುಗಿ ಬಿಕ್ಕುತ್ತ ಎರಡೂ ಮುಷ್ಟಿ ಮುಂದೆ ಚಾಚಿದಳು. "ಕೈಯಾಗ ಚಿಪ್ಪಿದ್ವಲ್ಲಾ. ಎಲ್ಲಿ ಇಡಲಿ? ಹುಡುಗೂರ ಚಡ್ಡಿಗಾದ್ರ ಕಿಸೆ ಇರತಾವ. ನನಗ ಒಂದಕ್ಕೂ ಇಲ್ಲ."

ಮಾಸ್ಟ್ರು ಅವಳ ಗದ್ದ ಒರೆಸುತ್ತಿದ್ದ ಕೈಯನ್ನು ನಿಲ್ಲಿಸಿದರು. "ನಿನಗ ಕಿಸೆ ಬೇಕಾಗಿದ್ವೇನು?"

"ಹೂಂ."

"ಮತ್ತ ನನಗ ಯಾಕ ಹೇಳಲಿಲ್ಲ?"

"ನೀ ಕೇಳಲೇ ಇಲ್ಲಲ್ಲ ಅಜ್ಜಾ."

ಮಗುವಿಗೆ ಅದರಲ್ಲಿ ಚುಚ್ಚುವ ಉದ್ದೇಶ ಇರಲಿಲ್ಲ. ಆದರೆ ಮಾಸ್ಟ್ರು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟರು. ಹದಿನೇಳು ವರ್ಷದಿಂದ ಹಳೆಯ ಅಂಗಿಗಳ ಜೊತೆ ಮಾತಾಡಿದವರು. ಹಾಕಿಕೊಳ್ಳುವವರಿಗೆ ಏನು ಬೇಕೆಂದು ಬಾಯಿಬಿಟ್ಟು ಕೇಳುವ ಅಭ್ಯಾಸವೇ ಹೋಗಿಬಿಟ್ಟಿತ್ತು. ಅಲ್ಲಿಂದಲೇ ಬಹಳ ಮರ್ಯಾದೆಯಿಂದ, ಗಿರಾಕಿಯನ್ನು ಕೇಳುವ ಹಾಗೆ ಕೇಳಿದರು. "ಈಗ ಕೇಳತೀನಿ. ಹೆಂಥಾದ್ದು ಬೇಕವಾ ನಿನಗ?"

ಅವಳು ಕಣ್ಣೊರೆಸಿಕೊಂಡು ಪಟ್ಟಿ ಒಪ್ಪಿಸಿದಳು. ಫ್ರಾಕ್ ಅಲ್ಲ, ಚೂಡಿದಾರ. ಝಾಲರು ಬೇಡ. ಮಿಂಚುವ ಬಟ್ಟೆ ಬೇಡ. ಎರಡೂ ಬದಿಗೆ ಕಿಸೆ, ಅದೂ ಖರೇ ಕಿಸೆ, ಮುಷ್ಟಿ ಪೂರ್ತಿ ಒಳಗೆ ಹೋಗಬೇಕು. "ಅಳತಿ ಸುಳ್ಳ ಹೇಳಂಗಿಲ್ಲಲ್ಲ?" ಎಂದೂ ಕೇಳಿದಳು.

"ಇಲ್ಲವಾ. ನಿನ್ನ ಮೈಯಿಂದನ ತೊಗೋತೀನಿ."

ಮರುದಿನ ಮಧ್ಯಾಹ್ನ ಮುಚ್ಚಿದ ಅಂಗಡಿಯಲ್ಲಿ ನಾವು ನಾಲ್ವರೇ. ನೀಲಿ ಬಣ್ಣದ ಮೇಲೆ ಸಣ್ಣ ಬಿಳಿ ಚುಕ್ಕೆಯ ಕಾಟನ್ ಬಟ್ಟೆಯನ್ನು ನಿವೇದಿತಾಳೇ ಆರಿಸಿದಳು. ಅವಳನ್ನು ಕಟಿಂಗ್ ಮೇಜಿನ ಮೇಲೆ ನಿಲ್ಲಿಸಿದರು. ಮಾಸ್ಟ್ರು ಟೇಪನ್ನು ತಲೆಕೆಳಗು ಹಿಡಿದು ಮತ್ತೆ ತಿರುಗಿಸಿದರು. ಜೀವ ಇರುವ ಮೈಗೆ ಟೇಪು ಹಿಡಿದು ಅವರಿಗೆ ಅಷ್ಟು ವರ್ಷವಾಗಿತ್ತು. ಹುಡುಗಿಗೆ ಕಚಗುಳಿಯಾಗಿ ನಕ್ಕರೆ ಎದೆಯ ಸುತ್ತಳತೆ ಒಂದು ಇಂಚು ಹೆಚ್ಚು ಬರುತ್ತಿತ್ತು. "ಉಸರ ಬಿಡು" ಎನ್ನುವರು, ಮತ್ತೆ ನಗುವಳು. ಕೊನೆಗೆ ಅವರೂ ನಗಲು ಶುರುಮಾಡಿ ಟೇಪು ಕೈಯಿಂದ ಬಿತ್ತು. ಒಂದು ಚೂಡಿದಾರದ ಅಳತೆಗೆ ಮುಕ್ಕಾಲು ಗಂಟೆ ಹಿಡಿಯಿತು.

ಬಟ್ಟೆಗೆ ಗುರುತು ಹಾಕುವಾಗ ಮಧುಮತಿ, ಎಲ್ಲ ತಾಯಂದಿರೂ ಹೇಳುವುದನ್ನೇ ಹೇಳಿದಳು. "ಯಪ್ಪಾ, ಒಳಗ ಎರಡ ಇಂಚ ಬಟ್ಟಿ ಬಿಡು. ಬೆಳಿಯೂ ಹುಡುಗಿ. ಮುಂದಿನ ವರ್ಷಕ್ಕೂ ಬಂದೀತು."

"ಬಿಡಂಗಿಲ್ಲ."

"ಗಿಡ್ಡ ಆಗತೈತಲ್ಲ?"

"ಆಗಲಿ. ಇದು ಈಗಿನ ನಿವೇದಿತಾನ ಅಂಗಿ. ಬೆಳದಿಂದ ಮತ್ತ ಅಳತಿ ತೊಗೊಂಡ ಮತ್ತೊಂದ ಹೊಲಿಯೂಣು."

"ಯಾರ ತೊಗೊಳ್ಳಾವ್ರು ಅಳತಿ?" ಎಂದಳು ಮಧುಮತಿ. ಕೇಳಬಾರದ್ದನ್ನು ಕೇಳಿದೆನೇನೋ ಎಂಬಂತೆ ಕೂಡಲೇ ಕೆಳಗೆ ಬಿದ್ದಿದ್ದ ಚಿಂದಿ ಆರಿಸತೊಡಗಿದಳು.

ಮಾಸ್ಟ್ರು ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆಯುತ್ತಲೇ ಇದ್ದರು. ಗೆರೆ ಮುಗಿದ ಮೇಲೆ ಹೇಳಿದರು, "ನಾ ಬರತೀನಿ. ದೀಪಾವಳಿಗಿ."

ರುದ್ರವ್ವ ಹೋದ ಮೇಲೆ ಅವರ ಬಾಯಿಂದ ಇಂಥ ಹೊತ್ತಿಗೆ ಊರಿಗೆ ಹೋಗುತ್ತೇನೆ ಎಂಬ ಮಾತು ನಾನು ಕೇಳಿದ್ದು ಅದೇ ಮೊದಲು. ಮಾತು ತಣ್ಣಗಾಗುವ ಮುಂಚೆ ಗಟ್ಟಿ ಮಾಡಿಬಿಡೋಣ ಎಂದು ಅವತ್ತೇ ಸಂಜೆ ಅವರನ್ನು ಎಳೆದುಕೊಂಡು ಅರಬಾಬ್ ಹತ್ತಿರ ಹೋದೆ. "ರಂಜಾನ್ ಶುರುವಾಗುವ ಮುಂಚೆ ವಾಪಸ್ ಬರಬೇಕು" ಎಂದ ಅರಬಾಬ್. ಬರುತ್ತೇನೆ ಎಂದರು ಮಾಸ್ಟ್ರು. ಖಲಾಸ್, ಮಾತು ಮುಗಿಯಿತು. ಇಷ್ಟು ಸುಲಭದ ಕೆಲಸಕ್ಕೆ ಆರು ವರ್ಷ ತೆಗೆದುಕೊಂಡರಲ್ಲ ಎಂದು ನನಗೆ ಅವರ ಬೆನ್ನಿಗೊಂದು ಗುದ್ದಬೇಕೆನ್ನಿಸಿತು.

ಚೂಡಿದಾರ ಎರಡು ದಿನದಲ್ಲಿ ತಯಾರಾಯಿತು. ನಿವೇದಿತಾ ಅದನ್ನು ಹಾಕಿಕೊಂಡು ಬಂದಾಗ ಮಾಸ್ಟ್ರು ಭುಜ ನೋಡಲು, ಬೆನ್ನು ನೋಡಲು ಸಿದ್ಧರಾಗಿ ಕನ್ನಡಕ ಏರಿಸಿ ಕೂತಿದ್ದರು. ಅವಳು ನಿಲ್ಲಬೇಕಲ್ಲ? ಕನ್ನಡಿಯ ಕಡೆ ತಿರುಗಿಯೂ ನೋಡದೆ ಎರಡೂ ಮುಷ್ಟಿ ಕಿಸೆಗೆ ಹಾಕಿ, ಕೈ ಬರಿದು ಮಾಡಿಕೊಂಡು, ಬಾಗಿಲು ತೆರೆದು ಲಿಫ್ಟಿನ ಕಡೆ ಓಡಿದಳು. ಬಟ್ಟೆ ಎಲ್ಲೂ ಎಳೆಯಲಿಲ್ಲ, ಎಲ್ಲೂ ಜೋಲಲಿಲ್ಲ. ಇಳಿದಿದ್ದ ಬಲಭುಜಕ್ಕೆ ಮಾಸ್ಟ್ರು ಏನು ಮಾಡಿದ್ದರೋ, ಅದೂ ಕಾಣುತ್ತಿರಲಿಲ್ಲ. ಉಳಿದ ಆರು ದಿನವೂ ಅವಳು ಅದನ್ನು ಬಿಚ್ಚಲಿಲ್ಲ. ರಾತ್ರಿ ಒಗೆದು ಏಸಿಯ ಮುಂದೆ ಒಣಹಾಕಿ ಬೆಳಿಗ್ಗೆ ಮತ್ತೆ ಅದನ್ನೇ ಕೊಡಬೇಕು ಎಂದು ಮಧುಮತಿ ಗೊಣಗಿದಳು. ಆ ಗೊಣಗಾಟ ಕೇಳಲೆಂದೇ ಮಾಸ್ಟ್ರು ದಿನಾ ಬೆಳಿಗ್ಗೆ ಬೇಗ ಹೋಗುತ್ತಿದ್ದರು.

ಮಗಳು ಮೊಮ್ಮಗಳು ಹೊರಟ ದಿನ ಕಣ್ಣೀರು ಬಂದದ್ದು ನಿಜ. ಆದರೆ ವಿಮಾನ ನಿಲ್ದಾಣದಿಂದ ಬರುವಾಗ ಟ್ಯಾಕ್ಸಿಯಲ್ಲಿ ಮಾಸ್ಟ್ರು ಬೆರಳು ಮಡಚಿ ತಿಂಗಳು ಎಣಿಸುತ್ತಿದ್ದರು, ಜೂನ್, ಜುಲೈ, ಆಗಸ್ಟ್ ಎಂದು.

ಅಕ್ಟೋಬರಿನಲ್ಲಿ ಹೋದರು. ದೀಪಾವಳಿಯ ಹಿಂದಿನ ದಿನ ನಮ್ಮ ಸ್ಟುಡಿಯೋದ ಫೋನು ರಿಂಗಾಯಿತು. ಬಾಗಲಕೋಟೆಯ ಎಸ್‌ಟಿಡಿ ಬೂತಿನಿಂದ ಮಾಸ್ಟ್ರು. ಕ್ಷೇಮ ಸಮಾಚಾರ ಯಾವುದೂ ಇಲ್ಲ, ಎತ್ತಿದ ಕೂಡಲೇ ಇದೇ ಮಾತು.

"ಮಾರ್ಸೆಲ್ಲಾ, ಗಿಡ್ಡ ಆಗೈತಿ. ಮುಕ್ಕಾಲ ಇಂಚ. ಎದಿಗೂ ಬಿಗಿ ಆಗೈತಿ."

"ಎಂತದು ಮಾಸ್ಟ್ರೇ?"

"ಚೂಡಿದಾರ. ಇದ ಮೊದಲನೇದ್ದು ನೋಡು, ನಾ ಹೊಲದದ್ದು ಆಕಿಗೆ ಸಣ್ಣದಾಗಿದ್ದು." ಆಮೇಲೆ ಅವರ ನಗು ಕೇಳಿಸಿತು. "ಇಲ್ಲೇ ನನ್ನ ಮುಂದ ನಿಂತಾಳ. ಟೇಪ ಹಿಡದ ನೋಡಾಕತ್ತೀನಿ."